ಮುಂದಿನ ಆಕ್ಸಲ್‌ನ ಆಯಿಲ್ ಸೀಲ್ ಸೋರಿಕೆ

ಫೋರ್ ವೀಲ್ ಡ್ರೈವ್ ಇರುವ ಹಳೆಯ ಜೀಪು, ಜಿಪ್ಸಿ, ಪಿಕಪ್‌ಗಳಲ್ಲಿ ಮುಂದಿನ ಆಕ್ಸಲ್ ಹೌಸಿಂಗ್‌ನೊಳಗಿನ ಗೇರ್ ಆಯಿಲ್, ತನ್ನನ್ನು ತಡೆಯಬೇಕಾದ ರಬ್ಬರ್ ಸೀಲನ್ನು ದಾಟಿ ಚಕ್ರದ ಕಡೆಗೆ ಹರಿದು ಹೊರಗೆ ಜಿನುಗುವ ದೋಷ. ಗ್ಯಾರೇಜಿನ ಮಾತಿನಲ್ಲಿ ಫ್ರಂಟ್ ಹೌಸಿಂಗ್ ಲೀಕ್, ನಕಲ್ ಲೀಕ್. ಗಾಡಿಯನ್ನು ನಡುರಸ್ತೆಯಲ್ಲಿ ನಿಲ್ಲಿಸಿಬಿಡುವಂಥ ಕೆಡುಕಲ್ಲದ ಕಾರಣ ವರ್ಷಗಟ್ಟಲೆ ಯಾರೂ ಇದನ್ನು ತಲೆಗೆ ಹಚ್ಚಿಕೊಳ್ಳುವುದಿಲ್ಲ. ಆದರೆ ಎಣ್ಣೆ ಇಳಿದು ಒಳಗಿನ ಕ್ರೌನ್ ಪಿನಿಯನ್ ಗೇರು ಒಣಗಿದರೆ ಹಲ್ಲು ಸವೆದು ಕೂಗಲು ಶುರುವಾಗುತ್ತದೆ. ಅದೇ ಎಣ್ಣೆ ಬ್ರೇಕಿನವರೆಗೆ ಹಬ್ಬಿದರೆ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಸೀಲ್ ಬದಲಿಸುವುದು ಈ ರಿಪೇರಿಯ ಸುಲಭದ ಭಾಗ. ಹಳೆಯ ಸೀಲ್ ಏಕೆ ಸೋತಿತೆಂದು ನೋಡದೆ ಹೊಸದನ್ನು ಕೂರಿಸಿದರೆ, ಮುಂದಿನ ಮಳೆಗಾಲ ಕಳೆಯುವುದರೊಳಗೆ ಅದೇ ಜಾಗದಲ್ಲಿ ಅದೇ ಕಲೆ ಮತ್ತೆ ಕಾಣಿಸುತ್ತದೆ.

ಬೆಂಗಳೂರಿನ ವಾಯವ್ಯಕ್ಕಿರುವ ನಂದಿನಿ ಲೇಔಟ್ ಇಂಥ ಕೆಲಸಕ್ಕೆ ಅನುಕೂಲವಾದ ಜಾಗದಲ್ಲಿದೆ. ಹಾಸನ, ಸಕಲೇಶಪುರ, ಮೂಡಿಗೆರೆ ಕಡೆಯಿಂದ ನೆಲಮಂಗಲದ ಮೂಲಕ ಬರುವ ಗಾಡಿ ಗೊರಗುಂಟೆಪಾಳ್ಯದಲ್ಲಿ ತುಮಕೂರು ರಸ್ತೆ ಬಿಟ್ಟು ಹೊರವರ್ತುಲ ರಸ್ತೆಗೆ ತಿರುಗಿದರೆ ಕಂಠೀರವ ಸ್ಟುಡಿಯೊ ದಾಟುತ್ತಲೇ ಸಿಗುವ ಬಡಾವಣೆ ಇದು. ಒಂದು ಪಕ್ಕ ಲಗ್ಗೆರೆ, ಇನ್ನೊಂದು ಪಕ್ಕ ಮಹಾಲಕ್ಷ್ಮಿ ಲೇಔಟ್, ಬೆನ್ನಿಗೆ ಪೀಣ್ಯ. 1970ರ ದಶಕದ ಕೊನೆಯಿಂದ ಬೆಳೆದ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಲೇತ್, ಗ್ರೈಂಡಿಂಗ್, ಪ್ರೆಸ್ ಕೆಲಸದ ಸಣ್ಣ ಶೆಡ್ಡುಗಳಿಗೆ ಬರವಿಲ್ಲ. ಸವೆದ ಶಾಫ್ಟನ್ನು ಕೈಯಲ್ಲಿ ಹಿಡಿದು ನಿಂತ ಮೆಕ್ಯಾನಿಕ್ಕಿಗೆ ಇದಕ್ಕಿಂತ ಬೇರೆ ನೆರವು ಬೇಕಿಲ್ಲ. ರಾಜಾಜಿನಗರದ ಕೆಎ-02 ಕಚೇರಿಯಲ್ಲಿ ನೋಂದಣಿಯಾದ ಹಳೆಯ ಖಾಸಗಿ ಗಾಡಿಗಳು ಹದಿನೈದು ವರ್ಷ ತುಂಬಿದ ಮೇಲೆ ತಪಾಸಣೆಗೆ ನಿಂತು ಐದೈದು ವರ್ಷಕ್ಕೆ ನೋಂದಣಿ ನವೀಕರಿಸಿಕೊಳ್ಳಬೇಕು. ಅದಕ್ಕೆಂದು ಗಾಡಿಯ ಹೊಟ್ಟೆ ತೊಳೆಸಿದಾಗಲೇ ಎಷ್ಟೋ ಮಾಲೀಕರಿಗೆ ಈ ಸೋರಿಕೆ ಮೊದಲ ಸಲ ಕಣ್ಣಿಗೆ ಬೀಳುವುದು.

ಗಾಡಿಗಳು

ಮಹೀಂದ್ರಾ ಸಂಸ್ಥೆ 1947ರಲ್ಲಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲು ತೊಡಗಿತು. ಎರಡನೆಯ ಮಹಾಯುದ್ಧದ ಆ ವಿನ್ಯಾಸ ಸಿಜೆ-3ಬಿಯಂಥ ಮಾದರಿಗಳ ಮೂಲಕ ದಶಕಗಳ ಕಾಲ ನಮ್ಮಲ್ಲಿ ಬಾಳಿತು. 1980ರ ದಶಕದಲ್ಲಿ ಪ್ಯೂಜೊ ಡೀಸೆಲ್ ಎಂಜಿನ್ನಿನ ಎಂಎಂ-540 ಬಂದಾಗಲೂ ಕೆಳಗಿನ ಅಸ್ಥಿಪಂಜರ ಹೆಚ್ಚೇನೂ ಬದಲಾಗಲಿಲ್ಲ. 1985ರ ಡಿಸೆಂಬರಿನಲ್ಲಿ ಮಾರುತಿಯ ಜಿಪ್ಸಿ 970 ಸಿಸಿ ಪೆಟ್ರೋಲ್ ಎಂಜಿನ್ನಿನೊಂದಿಗೆ ಹೊರಬಂತು. 1996ರಲ್ಲಿ ಅದಕ್ಕೆ 1298 ಸಿಸಿಯ ಎಂಜಿನ್ ಸಿಕ್ಕಿತು. 2019ರ ಹೊತ್ತಿಗೆ ತಯಾರಿಕೆ ನಿಲ್ಲುವ ತನಕ ಮುಂದಿನ ಹೌಸಿಂಗ್‌ನ ಮೂಲ ವಿನ್ಯಾಸ ಒಂದೇ. ಸೈನ್ಯಕ್ಕೆಂದು ಜಬಲ್‌ಪುರದಲ್ಲಿ ತಯಾರಾದ ನಿಸ್ಸಾನ್ ಜೊಂಗಾ, ಸೈನ್ಯ ಹರಾಜು ಹಾಕಿದ ಜಿಪ್ಸಿ ಇವೂ ಖಾಸಗಿಯವರ ಕೈಸೇರಿ ತೋಟದ ಕೆಲಸಕ್ಕೆ ನಿಂತಿವೆ.

ಪಿಕಪ್ ಎಂದು ಕಂಪನಿಯೇ ಕರೆದ ಫೋರ್ ವೀಲ್ ಗಾಡಿಗಳು ನಮ್ಮಲ್ಲಿ ಕೆಲವೇ: ಬೊಲೆರೊ ಕ್ಯಾಂಪರಿನ ಫೋರ್ ವೀಲ್ ಮಾದರಿ, ಸ್ಕಾರ್ಪಿಯೊ ಗೆಟ್‌ಅವೇ, ಟಾಟಾ ಕ್ಸೆನಾನ್, 2016ರಲ್ಲಿ ಬಂದ ಇಸುಝು ವಿ-ಕ್ರಾಸ್. ಆದರೆ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಪಿಕಪ್ಪಿನ ಕೆಲಸ ಮಾಡುವುದು ಬಹುಮಟ್ಟಿಗೆ ಹಿಂಬದಿ ತೆರೆದ ಜೀಪು ಮತ್ತು ಸಾಫ್ಟ್ ಟಾಪ್ ಜಿಪ್ಸಿಗಳೇ. ಗೊಬ್ಬರದ ಚೀಲ, ಕಾಫಿ ಮೂಟೆ, ಹತ್ತು ಹನ್ನೆರಡು ಆಳುಗಳು, ಅದೂ ಒಂದು ಪಕ್ಕಕ್ಕೆ ವಾಲಿದ ಕೆಸರು ರಸ್ತೆಯಲ್ಲಿ. ಕೊಲ್ಲೂರಿನಿಂದ ಕೊಡಚಾದ್ರಿಗೆ, ಮಡಿಕೇರಿಯಿಂದ ಮಾಂದಲ್‌ಪಟ್ಟಿಗೆ ಪ್ರವಾಸಿಗರನ್ನು ಹೊತ್ತೊಯ್ಯುವ ಬಾಡಿಗೆ ಜೀಪುಗಳ ಪಾಡೂ ಇದೇ. ಸೀಲಿಗೆ ಇದಕ್ಕಿಂತ ಕಠಿಣ ಪರೀಕ್ಷೆಯನ್ನು ಯಾವ ಕಾರ್ಖಾನೆಯೂ ಒಡ್ಡಲಾರದು.

ರಚನೆ

ಈ ಹಳೆಯ ಗಾಡಿಗಳ ಮುಂದಿನ ಹೌಸಿಂಗ್ ಒಂದು ಗಟ್ಟಿ ಕೊಳವೆ. ನಡುವೆ, ಸ್ವಲ್ಪ ಪಕ್ಕಕ್ಕೆ ಸರಿದು, ಡಿಫರೆನ್ಷಿಯಲ್. ಅಲ್ಲಿಂದ ಒಂದು ಕಡೆಗೆ ಉದ್ದದ ಶಾಫ್ಟ್, ಇನ್ನೊಂದು ಕಡೆಗೆ ಗಿಡ್ಡದ್ದು. ಮುಂದಿನ ಚಕ್ರ ತಿರುಗುತ್ತಲೂ ಇರಬೇಕು, ಸ್ಟೀರಿಂಗ್ ಹೇಳಿದ ಕಡೆ ಹೊರಳಲೂ ಬೇಕು. ಅದಕ್ಕಾಗಿ ಶಾಫ್ಟಿನ ತುದಿಯಲ್ಲಿ ಒಂದು ಜಾಯಿಂಟ್ ಇರುತ್ತದೆ. ವಿಲ್ಲಿಸ್ ಕಾಲದಲ್ಲಿ ಇದಕ್ಕೆ ನಾಲ್ಕು ಬಗೆಯ ಜಾಯಿಂಟ್‌ಗಳು ಬಳಕೆಯಲ್ಲಿದ್ದವು: ಬೆಂಡಿಕ್ಸ್, ಟ್ರ್ಯಾಕ್ಟಾ, ಸ್ಪೈಸರ್ ಕ್ರಾಸ್, ಮತ್ತು ಆಲ್‌ಫ್ರೆಡ್ ಝೆಪ್ಪಾ 1920ರ ದಶಕದಲ್ಲಿ ರೂಪಿಸಿದ ಆರು ಗುಂಡುಗಳ ಜಾಯಿಂಟ್. ಜಿಪ್ಸಿಯಲ್ಲಿರುವುದು ಈ ಕೊನೆಯ ಬಗೆ. ಬರ್ಫೀಲ್ಡ್ ಎಂಬ ಹೆಸರಿನಿಂದ ಹೆಚ್ಚು ಪರಿಚಿತ.

ಹೌಸಿಂಗ್ ಕೊಳವೆಯ ತುದಿ ಒಂದು ದೊಡ್ಡ ಟೊಳ್ಳು ಗೋಳವಾಗಿ ಅಗಲವಾಗುತ್ತದೆ. ಜಾಯಿಂಟ್ ಇರುವುದು ಈ ಗೋಳದೊಳಗೆ. ಅದರ ಮೇಲೆ ನಕಲ್ ಎಂಬ ಎರಕದ ಬಟ್ಟಲು ಕವಿಚಿಕೊಂಡಿದ್ದು, ಮೇಲೆ ಒಂದು ಕೆಳಗೆ ಒಂದು ಕಿಂಗ್ ಪಿನ್ ಬೇರಿಂಗಿನ ಮೇಲೆ ಹೊರಳುತ್ತದೆ. ಇದೇ ಮುಚ್ಚಿದ ನಕಲ್. 2023ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಜಿಮ್ನಿಯಲ್ಲೂ ಇದೇ ವಿನ್ಯಾಸ ಉಳಿದುಕೊಂಡಿದೆ. ಹಾಗಾಗಿ ಇಲ್ಲಿ ಹೇಳುವುದು ಗುಜರಿ ಸೇರುವ ಗಾಡಿಗಳ ಕತೆ ಮಾತ್ರವಲ್ಲ.

ಇಲ್ಲಿ ಕಾವಲಿಗಿರುವ ಸೀಲುಗಳು ಮೂರು, ಮೂರಕ್ಕೂ ಬೇರೆ ಬೇರೆ ಕೆಲಸ. ಮೊದಲನೆಯದು ಗೋಳದ ಬುಡದಲ್ಲಿ, ಕೊಳವೆಯೊಳಗೆ ಶಾಫ್ಟನ್ನು ಸುತ್ತುವರಿದ ಒಳಗಿನ ಆಯಿಲ್ ಸೀಲ್. ಡಿಫರೆನ್ಷಿಯಲ್ಲಿನ ತೆಳು ಎಣ್ಣೆ ನಕಲಿಗೆ ಬಾರದಂತೆ ತಡೆಯುವುದು ಇದು. ಎರಡನೆಯದು ಗೋಳದ ಹೊರಮೈಯನ್ನು ಒರೆಸುತ್ತ ಕೂರುವ ದೊಡ್ಡ ರಿಂಗ್. ಫೆಲ್ಟ್, ರಬ್ಬರ್, ತಗಡಿನ ಪಟ್ಟಿ ಸೇರಿದ ಇದು ನಕಲಿನೊಳಗಿನ ಗ್ರೀಸ್ ಹೊರಗೆ, ರಸ್ತೆಯ ಕೆಸರು ಒಳಗೆ ಹೋಗದಂತೆ ನೋಡಿಕೊಳ್ಳುತ್ತದೆ. ಮೂರನೆಯದು ಹಬ್ಬಿನ ಹಿಂಬದಿಯಲ್ಲಿ, ಚಕ್ರದ ಬೇರಿಂಗಿನ ಗ್ರೀಸಿಗೆ. ಎರಡನೆಯ ಸೀಲ್ ಎಣ್ಣೆ ತಡೆಯಲೆಂದು ಮಾಡಿದ್ದಲ್ಲ. ನಂಬಿಕೆಗೆ ವಿರುದ್ಧವಾದರೂ ಇಡೀ ರಿಪೇರಿಯ ಕೀಲಿ ಇರುವುದು ಈ ಒಂದು ಸಂಗತಿಯಲ್ಲಿ. ಕಣ್ಣಿಗೆ ಕಾಣುವುದು ಹೊರಗಿನ ರಿಂಗಿನಿಂದ ತೊಟ್ಟಿಕ್ಕುವ ಎಣ್ಣೆಯಾದ್ದರಿಂದ ಅದನ್ನೇ ಬದಲಿಸಿ ಗಾಡಿ ಕಳಿಸಿಬಿಡುವವರಿದ್ದಾರೆ. ತಪ್ಪು ಮಾಡಿದ್ದು ಒಳಗಿನವನು, ಏಟು ಬಿದ್ದದ್ದು ಬಾಗಿಲಲ್ಲಿದ್ದವನಿಗೆ.

ಸೀಲಿನ ಒಳಗುಟ್ಟು

ತಿರುಗುವ ಶಾಫ್ಟಿಗೆ ಮೊದಲು ಚರ್ಮದ ಪಟ್ಟಿಯನ್ನೇ ಸೀಲಾಗಿ ಬಳಸುತ್ತಿದ್ದರು. ಜರ್ಮನಿಯ ಚರ್ಮೋದ್ಯಮ ಸಂಸ್ಥೆ ಫ್ರಾಯ್ಡನ್‌ಬರ್ಗ್‌ನಲ್ಲಿದ್ದ ವಾಲ್ಟರ್ ಝಿಮ್ಮರ್ ಎಂಬ ಎಂಜಿನಿಯರ್ 1930ರ ದಶಕದ ಆರಂಭದಲ್ಲಿ ರೂಪಿಸಿದ ಸೀಲಿನಿಂದ ಇಂದಿನ ರೂಪ ಬಂತು: ಹೊರಗೆ ಉಕ್ಕಿನ ಬಳೆ, ಒಳಗೆ ಮೃದುವಾದ ತುಟಿ, ತುಟಿಯ ಹಿಂದೆ ಅದನ್ನು ಶಾಫ್ಟಿಗೆ ಒತ್ತಿ ಹಿಡಿಯುವ ಸಣ್ಣ ಸುರುಳಿ ಸ್ಪ್ರಿಂಗ್. ಚರ್ಮದ ಬದಲು ಕೃತಕ ರಬ್ಬರ್ ಬಂದದ್ದೂ ಅದೇ ದಶಕದಲ್ಲಿ. ಈಗಿನ ಸಾಮಾನ್ಯ ಸೀಲಿನ ತುಟಿ ನೈಟ್ರೈಲ್ ರಬ್ಬರಿನದು. ಸುಮಾರು 100 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿ ತಾಳುತ್ತದೆ. ಅದಕ್ಕಿಂತ ಹೆಚ್ಚು ಕಾಯುವ ಕಡೆ ವೈಟಾನ್ ಬಳಸುತ್ತಾರೆ, ಮುಂದಿನ ಹೌಸಿಂಗಿಗೆ ಅದರ ಅಗತ್ಯ ಬೀಳುವುದಿಲ್ಲ.

ಸೀಲಿನ ಮುಖದ ಮೇಲೆ 35-52-8 ಎಂಬಂಥ ಮೂರು ಅಂಕಿಗಳು ಒತ್ತಿರುತ್ತವೆ: ಶಾಫ್ಟಿನ ದಪ್ಪ, ಕೂರುವ ಗುಂಡಿಯ ಅಗಲ, ಸೀಲಿನ ದಪ್ಪ, ಎಲ್ಲವೂ ಮಿಲಿಮೀಟರಿನಲ್ಲಿ. ಅಂಗಡಿಯಲ್ಲಿ ಮಾದರಿಯ ಹೆಸರು ಹೇಳುವ ಬದಲು ಹಳೆಯ ಸೀಲನ್ನು ತೊಳೆದು ಅದರ ಅಂಕಿ ತೋರಿಸುವುದು ಕ್ಷೇಮ. ತುಟಿ ಶಾಫ್ಟನ್ನು ಒಣದಾಗಿ ಉಜ್ಜುವುದಿಲ್ಲ. ಎರಡರ ನಡುವೆ ಕೂದಲೆಳೆಗಿಂತ ಎಷ್ಟೋ ತೆಳುವಾದ ಎಣ್ಣೆಯ ಪದರ ಇದ್ದೇ ಇರುತ್ತದೆ, ಅದಿದ್ದರೇ ತುಟಿ ಬಾಳುವುದು. ಹಾಗೆಂದೇ ಹೆಚ್ಚು ಓಡಿಸಿದ ಗಾಡಿಗಿಂತ ಶೆಡ್ಡಿನಲ್ಲಿ ನಿಂತೇ ಇದ್ದ ಗಾಡಿಯ ಸೀಲ್ ಬೇಗ ಹಾಳಾಗುವುದುಂಟು. ಚಕ್ರದ ನಡುವೆ ಕೈಯಿಂದ ತಿರುಗಿಸುವ ಲಾಕಿಂಗ್ ಹಬ್ ಇರುವ ಗಾಡಿಗಳಲ್ಲಿ ಇದು ಇನ್ನೂ ಹೆಚ್ಚು. ಹಬ್ ಬಿಟ್ಟುಕೊಂಡಿದ್ದರೆ ಎಷ್ಟು ಸಾವಿರ ಕಿಲೊಮೀಟರ್ ಓಡಿದರೂ ಒಳಗಿನ ಶಾಫ್ಟ್ ಅಲುಗುವುದಿಲ್ಲ, ತುಟಿಯ ಮೇಲ್ಭಾಗಕ್ಕೆ ಎಣ್ಣೆ ಮುಟ್ಟುವುದಿಲ್ಲ, ರಬ್ಬರ್ ಗಟ್ಟಿಯಾಗಿ ಬಿರಿಯುತ್ತದೆ. ತಿಂಗಳಿಗೊಮ್ಮೆ ಹಬ್ ಹಾಕಿ ಕೆಲವು ಕಿಲೊಮೀಟರ್ ಓಡಿಸಿ ಎಂಬ ಕಂಪನಿಗಳ ಸಲಹೆಗೆ ಇದೇ ಕಾರಣ. ನಗರದಲ್ಲಿ ಶೋಕಿಗೆ ಜಿಪ್ಸಿ ಇಟ್ಟುಕೊಂಡವರು ಅದನ್ನು ಓದುವುದು ಕಡಿಮೆ.

ಸೋರಿಕೆಯನ್ನು ಓದುವುದು

ಮೊದಲು ತೊಳೆಯಬೇಕು. ಹತ್ತು ವರ್ಷದ ಕೆಸರು, ಗ್ರೀಸು ಕಲೆತ ಹೊಲಸಿನಲ್ಲಿ ಏನೂ ತಿಳಿಯುವುದಿಲ್ಲ. ಡೀಸೆಲ್ ಹಾಕಿ ಉಜ್ಜಿ, ಒಣಗಿಸಿ, ಹತ್ತಿಪ್ಪತ್ತು ಕಿಲೊಮೀಟರ್ ಓಡಿಸಿ ತಂದು ನೋಡಿದರೆ ಹೊಸ ಎಣ್ಣೆ ತನ್ನ ದಾರಿಯನ್ನು ತಾನೇ ತೋರಿಸುತ್ತದೆ.

ಗೋಳದ ಮೇಲೆ ತೆಳುವಾಗಿ ಸವರಿದಂತೆ ಗ್ರೀಸಿನ ಹೊಳಪು ಇದ್ದರೆ ಅದು ರೋಗವಲ್ಲ. ಒರೆಸುವ ರಿಂಗಿನ ಕೆಲಸವೇ ಅದು. ಗೋಳ ಪೂರ್ತಿ ಒಣಗಿ ತುಕ್ಕಿನ ಚುಕ್ಕೆ ಎದ್ದಿದ್ದರೆ ಚಿಂತಿಸಬೇಕು. ಆದರೆ ಗೋಳದ ಅಡಿಯಿಂದ ಕಪ್ಪನೆಯ ನೀರು ಗಂಜಿ ಹದದ ದ್ರವ ಇಳಿದು ಟೈರಿನ ಒಳಮೈಗೆ ಗೆರೆ ಎಳೆದಿದ್ದರೆ, ಗೇರ್ ಆಯಿಲ್ ಒಳಗಿನ ಸೀಲ್ ದಾಟಿ ನಕಲಿನ ಗ್ರೀಸನ್ನು ಕರಗಿಸಿದೆ ಎಂದರ್ಥ. ಖಚಿತಪಡಿಸಿಕೊಳ್ಳಲು ಬೆರಳಿಗೆ ಒಂದಿಷ್ಟು ತೆಗೆದುಕೊಂಡು ಮೂಸಬೇಕು. ಗೇರ್ ಆಯಿಲಿಗೆ ಗಂಧಕದ ಘಾಟು ವಾಸನೆಯಿದೆ, ಬರೀ ಗ್ರೀಸಿಗೆ ಅದಿಲ್ಲ. ನಕಲಿನ ಮೇಲೆ ಚೌಕ ತಲೆಯ ಪ್ಲಗ್ ಇರುವ ಗಾಡಿಯಲ್ಲಿ ಅದನ್ನು ಬಿಚ್ಚಿ ತಂತಿ ಇಳಿಸಿ ನೋಡಿದರೂ ಆಯಿತು. ತಂತಿಗೆ ದಪ್ಪ ಗ್ರೀಸ್ ಅಂಟಿ ಬರಬೇಕು, ತೊಟ್ಟಿಕ್ಕಬಾರದು.

ಹಬ್ಬಿನ ಹೊರಮುಖದಿಂದ ಅಥವಾ ಡಿಸ್ಕಿನ ಹಿಂದಿನಿಂದ ಬಂದರೆ ಹಬ್ ಸೀಲನ್ನು ಶಂಕಿಸಬೇಕು. ನಕಲ್ ತುಂಬಿ ಉಕ್ಕಿ, ಹಬ್ಬನ್ನು ಹೊತ್ತ ಟೊಳ್ಳು ಸ್ಪಿಂಡಲ್ ಮೂಲಕ ಅಲ್ಲಿಗೆ ಬಂದಿರುವ ಸಾಧ್ಯತೆಯೂ ಇದೆ. ಹೌಸಿಂಗ್‌ನ ನಡುವೆ, ಪ್ರೊಪೆಲ್ಲರ್ ಶಾಫ್ಟ್ ಸೇರುವಲ್ಲಿ ಸುತ್ತಲೂ ಎರಚಿದಂತೆ ಇದ್ದರೆ ಅದು ಪಿನಿಯನ್ ಸೀಲ್, ಈ ಲೇಖನದ ವಿಷಯವಲ್ಲ. ಚಕ್ರದ ಒಳಮೈಯಲ್ಲಿ ಎಣ್ಣೆ ನೀರಿನಷ್ಟು ತೆಳುವಾಗಿದ್ದು ಪೇಂಟನ್ನು ಎಬ್ಬಿಸಿದ್ದರೆ ಅದು ಬ್ರೇಕ್ ಆಯಿಲ್. ಆಗ ಗಾಡಿಯನ್ನು ಅಲ್ಲೇ ನಿಲ್ಲಿಸಬೇಕು. ಬಂದದ್ದು ಹಾಲು ಬೆರೆಸಿದ ಕಾಫಿಯ ಬಣ್ಣದ್ದಾದರೆ ಒಳಗೆ ನೀರು ಸೇರಿದೆ.

ಸೀಲ್ ಸೋಲುವ ಕಾರಣ

ಮೊದಲ ಆರೋಪಿ ಬ್ರೀದರ್. ಹೌಸಿಂಗ್‌ನ ನೆತ್ತಿಯಲ್ಲಿರುವ ಹೆಬ್ಬೆರಳ ತುದಿಯಷ್ಟು ಟೊಪ್ಪಿ ಅಥವಾ ಅದಕ್ಕೆ ಸಿಕ್ಕಿಸಿದ ಸಣ್ಣ ಪೈಪು ಇದು. ಗಾಡಿ ಓಡಿ ಹೌಸಿಂಗ್ 20 ಡಿಗ್ರಿಯಿಂದ 80 ಡಿಗ್ರಿಗೆ ಕಾದರೆ ಒಳಗಿನ ಗಾಳಿ ಹೊರಹೋಗಲು ದಾರಿಯಿಲ್ಲದಾಗ ಅದರ ಒತ್ತಡ ಐದನೇ ಒಂದು ಪಾಲು ಏರುತ್ತದೆ. ತುಟಿಯನ್ನು ಎಬ್ಬಿಸಿ ಎಣ್ಣೆ ತಳ್ಳಲು ಅಷ್ಟು ಸಾಕು. ಕಾದ ಹೌಸಿಂಗ್ ಹಳ್ಳಕ್ಕೆ ಇಳಿದಾಗ ಇದೇ ಕತೆ ತಿರುಗುಮುರುಗಾಗುತ್ತದೆ: ಗಾಳಿ ತಟ್ಟನೆ ಕುಗ್ಗಿ, ಕಟ್ಟಿದ ಬ್ರೀದರ್ ಬದಲು ಸೀಲಿನ ಸಂದಿನಿಂದ ನೀರನ್ನೇ ಒಳಗೆಳೆಯುತ್ತದೆ. ಮಲೆನಾಡಿನ ಜೀಪುಗಳಲ್ಲಿ ಎಣ್ಣೆ ಹಾಲಾಗುವುದು ಹೀಗೆ. ಮುಚ್ಚಿಹೋದ ಬ್ರೀದರನ್ನು ಪಿನ್ನಿನಿಂದ ಬಿಡಿಸಿ, ಡೀಸೆಲಿನಲ್ಲಿ ತೊಳೆದು, ಬಾಯಿಂದ ಊದಿ ನೋಡಲು ಎರಡು ನಿಮಿಷ ಬೇಕು. ಸೀಲ್ ಬಿಚ್ಚುವ ಮೊದಲು ಇದನ್ನು ಮಾಡದ ಗ್ಯಾರೇಜಿನ ಉಳಿದ ಕೆಲಸದ ಮೇಲೂ ನಂಬಿಕೆ ಇಡುವುದು ಕಷ್ಟ. ಹಳ್ಳ ದಾಟುವವರು ಪೈಪನ್ನು ಬಾನೆಟ್ಟಿನವರೆಗೆ ಎತ್ತರಿಸಿ ಕಟ್ಟುವುದು ಸರಿಯಾದ ಕ್ರಮ.

ಎರಡನೆಯದು ಶಾಫ್ಟಿನ ಮೈ. ತುಟಿ ಕೂರುವ ಜಾಗದಲ್ಲಿ ಕೆಂಪು ಮಣ್ಣಿನ ನುಣ್ಣನೆಯ ಪುಡಿ ಸೇರಿಕೊಂಡರೆ ರಬ್ಬರೇ ಉಕ್ಕನ್ನು ಕೊರೆಯುತ್ತದೆ. ಶಾಫ್ಟನ್ನು ಒರೆಸಿ ಆ ಪಟ್ಟಿಯ ಮೇಲೆ ಉಗುರು ಅಡ್ಡ ಎಳೆದರೆ ಸಿಕ್ಕಿಕೊಳ್ಳಬಾರದು. ಸಿಕ್ಕಿಕೊಂಡರೆ ಗೀರು ಬಿದ್ದಿದೆ. ಹಾಗಾದಾಗ ಮೂರು ದಾರಿ: ಗುಂಡಿಯಲ್ಲಿ ಆಳ ಸಾಕಷ್ಟಿದ್ದರೆ ಹೊಸ ಸೀಲನ್ನು ಒಂದೆರಡು ಮಿಲಿಮೀಟರ್ ಮುಂದೆ ಅಥವಾ ಹಿಂದೆ ಕೂರಿಸಿ ತುಟಿಗೆ ಸವೆಯದ ಮೈ ಒದಗಿಸುವುದು, ತೆಳು ಸ್ಟೀಲಿನ ರಿಪೇರಿ ಸ್ಲೀವ್ ತೊಡಿಸುವುದು, ಇಲ್ಲವೇ ಪೀಣ್ಯದ ಯಾವುದಾದರೂ ಲೇತಿನಲ್ಲಿ ಮೆಟಲ್ ತುಂಬಿಸಿ ಗ್ರೈಂಡ್ ಮಾಡಿಸುವುದು. ಮೂರನೆಯದು ಅಗ್ಗವೆನಿಸಿದರೂ ವೆಲ್ಡಿಂಗಿನ ಬಿಸಿಗೆ ಶಾಫ್ಟ್ ಬಾಗುವ ಅಪಾಯವಿದೆ. ಶಾಫ್ಟ್ ಸಿಗುವಂತಿದ್ದರೆ ಬದಲಿಸುವುದೇ ಲೇಸು.

ಮೂರನೆಯ ಕಾರಣವನ್ನು ಬಹುತೇಕರು ಗಮನಿಸುವುದೇ ಇಲ್ಲ. ಶಾಫ್ಟಿನ ಹೊರತುದಿ ಸ್ಪಿಂಡಲ್ಲಿನೊಳಗಿನ ಬುಶ್ಶಿನ ಮೇಲೆ ಕೂತಿರುತ್ತದೆ. ಬುಶ್ ಸವೆದರೆ ಜಾಯಿಂಟಿನ ಭಾರಕ್ಕೆ ಶಾಫ್ಟ್ ಕೆಳಗಿಳಿದು ಸೀಲಿನ ನಡುವಿನಿಂದ ತಪ್ಪುತ್ತದೆ. ತುಟಿ ಕೆಳಗಡೆ ಅಪ್ಪಚ್ಚಿಯಾಗಿ ಮೇಲ್ಗಡೆ ಬಾಯಿ ಬಿಡುತ್ತದೆ. ಬಿಚ್ಚಿದ ಹಳೆಯ ಸೀಲಿನ ತುಟಿ ಒಂದೇ ಪಕ್ಕ ಸವೆದಿದ್ದರೆ ಬುಶ್ ಬದಲಿಸದೆ ಮುಂದೆ ಹೋಗಬಾರದು. ಓವರ್‌ಲೋಡಿನಲ್ಲಿ ರಸ್ತೆಯ ಗುಂಡಿಗೆ ಬಿದ್ದು ಹೌಸಿಂಗ್ ಬೆಂಡಾಗಿದ್ದರೂ ಇದೇ ಲಕ್ಷಣ. ಆಗ ಟೈರು ಒಂದೇ ಅಂಚಿನಲ್ಲಿ ಸವೆದಿರುತ್ತದೆ, ಹೌಸಿಂಗನ್ನು ಇಳಿಸಿ ಪ್ರೆಸ್ಸಿಗೆ ಕೊಡಬೇಕಾಗುತ್ತದೆ.

ಕಿಂಗ್ ಪಿನ್ ಬೇರಿಂಗ್ ಸವೆದರೆ ನಕಲ್ ಗೋಳದ ಮೇಲೆ ಸಮವಾಗಿ ಕೂರದೆ ವಾಲುತ್ತದೆ, ಹೊರಗಿನ ರಿಂಗ್ ಒಂದು ಕಡೆ ಬಿಟ್ಟುಕೊಳ್ಳುತ್ತದೆ. ಗುಂಡಿ ಹಾರಿದ ಮೇಲೆ ಸ್ಟೀರಿಂಗ್ ಗಡಗಡ ನಡುಗಿ ನಿಲ್ಲದಿರುವುದು ಇದರ ಜೊತೆಗಾರ. ಉಳಿದವು ಸಣ್ಣ ತಪ್ಪುಗಳು: ‘ಇರಲಿ’ ಎಂದು ಪ್ಲಗ್ಗಿನ ಮಟ್ಟಕ್ಕಿಂತ ಹೆಚ್ಚು ಎಣ್ಣೆ ತುಂಬಿಸುವುದು, ಗೇರ್ ಆಯಿಲ್ ಸಿಗಲಿಲ್ಲವೆಂದು ಎಂಜಿನ್ ಆಯಿಲ್ ಸುರಿಯುವುದು. ವಾಲಿದ ರಸ್ತೆಯಲ್ಲಿ ದಿನವಿಡೀ ಓಡುವ ತೋಟದ ಗಾಡಿಯಲ್ಲಿ ಕೆಳಬದಿಯ ಸೀಲ್ ಎಣ್ಣೆಯಲ್ಲಿ ಮುಳುಗಿಯೇ ಇರುತ್ತದೆ, ಅದರ ಸಣ್ಣ ಗೀರೂ ಮುಚ್ಚಿಡಲು ಬರುವುದಿಲ್ಲ.

ಬಿಚ್ಚಿ ಜೋಡಿಸುವ ಕ್ರಮ

ಜಿಪ್ಸಿಯನ್ನೇ ಮಾದರಿಯಾಗಿಟ್ಟುಕೊಂಡರೆ ಕ್ರಮ ಹೀಗೆ. ಹಿಂದಿನ ಚಕ್ರಕ್ಕೆ ಅಡ್ಡ ಕೊಟ್ಟು, ಮುಂದಿನ ಹೌಸಿಂಗನ್ನು ಜ್ಯಾಕಿನಿಂದ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಹಾಲೋ ಬ್ಲಾಕ್ ಇಟ್ಟು ಅಡಿಗೆ ನುಗ್ಗುವುದು ನಮ್ಮ ರಸ್ತೆ ಬದಿಯ ಕೆಟ್ಟ ಅಭ್ಯಾಸ. ಬ್ಲಾಕ್ ಬಿರುಕು ಬಿಡುವ ಮುಂಚೆ ಸೂಚನೆ ಕೊಡುವುದಿಲ್ಲ. ಹೌಸಿಂಗಿನ ಎಣ್ಣೆಯನ್ನು ಮೊದಲೇ ಇಳಿಸಿಕೊಳ್ಳಬೇಕು, ಇಲ್ಲದಿದ್ದರೆ ಶಾಫ್ಟ್ ಎಳೆದ ಕೂಡಲೇ ಅದು ತೊಡೆಯ ಮೇಲೆ ಬರುತ್ತದೆ. ಚಕ್ರ ಕಳಚಿ, ಬ್ರೇಕ್ ಕ್ಯಾಲಿಪರನ್ನು ಬಿಚ್ಚಿ ತಂತಿಯಲ್ಲಿ ನೇತು ಹಾಕಬೇಕು. ಹೋಸಿನಿಂದ ಜೋತುಬೀಳಲು ಬಿಡಬಾರದು.

ಹಬ್ಬಿನ ಮುಚ್ಚಳ ತೆಗೆದು ಶಾಫ್ಟಿನ ತುದಿಯ ಸರ್‌ಕ್ಲಿಪ್ ಬಿಡಿಸಿದರೆ ಬೇರಿಂಗ್ ನಟ್ ಕಾಣುತ್ತದೆ. ಇದಕ್ಕೆ ಬಾಕ್ಸ್ ಸ್ಪಾನರ್ ಬೇಕೇಬೇಕು. ನಟ್ಟಿನ ಅಂಚಿನಲ್ಲಿ ಉಳಿಯ ಏಟಿನ ಗಾಯಗಳಿದ್ದರೆ ಹಿಂದೆ ಯಾರೋ ಸುತ್ತಿಗೆಯಿಂದ ಬಿಡಿಸಿದ್ದಾರೆ. ಅಲ್ಲಿಂದ ಮುಂದೆ ಸಿಗುವ ಪ್ರತಿಯೊಂದನ್ನೂ ಅನುಮಾನದಿಂದ ನೋಡಬೇಕು. ಹಬ್ ಹೊರಬಂದ ಮೇಲೆ ಸ್ಪಿಂಡಲ್ಲಿನ ಬೋಲ್ಟುಗಳು. ಹಳೆಯ ಅನಾಬಾಂಡ್ ಅಂಟು ಹಿಡಿದಿದ್ದರೆ ಸ್ಪಿಂಡಲ್ ಅಲುಗುವುದಿಲ್ಲ. ಮರದ ಅಥವಾ ಫೈಬರ್ ಸುತ್ತಿಗೆಯಿಂದ ಸುತ್ತಲೂ ತಟ್ಟುತ್ತ ಬಂದರೆ ಬಿಡುತ್ತದೆ. ಆಗ ಹೊರಬರುವ ಕರಿ ಗಂಜಿಯನ್ನು ಹಿಡಿಯಲು ಅಡಿಯಲ್ಲಿ ಟ್ರೇ ಇರಬೇಕು. ಜಾಯಿಂಟಿನ ಸಮೇತ ಶಾಫ್ಟನ್ನು ನೇರವಾಗಿ ಎಳೆದು ತೆಗೆಯಬೇಕು.

ಒಳಗಿನ ಸೀಲ್ ಈಗ ಗೋಳದ ಬುಡದಲ್ಲಿ ಕಾಣುತ್ತದೆ. ಕೊಕ್ಕೆ ಲಿವರಿನಿಂದ ಅದನ್ನು ಕೀಳುವಾಗ ಗುಂಡಿಯ ಗೋಡೆಗೆ ಗೀರು ಬೀಳಬಾರದು. ಬಿದ್ದರೆ ಎಣ್ಣೆ ಸೀಲಿನ ಒಳಗಿನಿಂದಲ್ಲ, ಹೊರಬಳೆಯ ಸುತ್ತಿನಿಂದ ಬರುತ್ತದೆ. ಗುಂಡಿಯನ್ನು ಒರೆಸಿ, ಹೊಸ ಸೀಲನ್ನು ಸ್ಪ್ರಿಂಗ್ ಇರುವ ಮುಖ ಡಿಫರೆನ್ಷಿಯಲ್ ಕಡೆಗೆ ಬರುವಂತೆ ಹಿಡಿಯಬೇಕು. ಎಣ್ಣೆ ಯಾವ ಕಡೆಯಿದೆಯೋ ಆ ಕಡೆಗೆ ಸ್ಪ್ರಿಂಗ್. ಸೀಲಿನ ಹೊರಬಳೆಗೆ ಸರಿಹೊಂದುವ ಸಾಕೆಟ್ ಅಥವಾ ಪೈಪ್ ಇಟ್ಟು ಸಮವಾಗಿ ತಟ್ಟಿ ಕೂರಿಸಬೇಕು. ಸ್ಕ್ರೂ ಡ್ರೈವರಿನಿಂದ ಒಂದೊಂದೇ ಅಂಚು ಬಡಿದು ಕೂರಿಸಿದ ಸೀಲ್ ಓರೆಯಾಗುತ್ತದೆ, ಓರೆಯಾದದ್ದು ಸೋರುತ್ತದೆ.

ಹೊರಗಿನ ದೊಡ್ಡ ರಿಂಗನ್ನು ಬದಲಿಸಬೇಕಾದರೆ ನಕಲನ್ನೇ ಇಳಿಸಬೇಕು. ಟೈ ರಾಡ್ ಎಂಡನ್ನು ಪುಲ್ಲರಿನಿಂದ ಬಿಡಿಸಿ, ಮೇಲಿನ ಮತ್ತು ಕೆಳಗಿನ ಕಿಂಗ್ ಪಿನ್ ತೆಗೆಯಬೇಕು. ಅವುಗಳ ಅಡಿಯ ಶಿಮ್ಮುಗಳನ್ನು ಮೇಲಿನದು ಮೇಲೆ, ಕೆಳಗಿನದು ಕೆಳಗೆ ಎಂದು ಬೇರೆ ಬೇರೆ ಡಬ್ಬಿಯಲ್ಲಿಡಬೇಕು. ಬೇರಿಂಗಿನ ಬಿಗಿತ ನಿರ್ಧರಿಸುವುದು ಆ ಕಾಗದದಂಥ ತಗಡುಗಳೇ. ಬಿಗಿತ ಸರಿಯಿದೆಯೇ ಎಂದು ವರ್ಕ್‌ಶಾಪ್ ಮ್ಯಾನುಯಲ್ ಸ್ಪ್ರಿಂಗ್ ತಕ್ಕಡಿಯಿಂದ ಅಳೆಯಲು ಹೇಳುತ್ತದೆ, ನಮ್ಮ ಗ್ಯಾರೇಜುಗಳಲ್ಲಿ ಕೈ ಅಂದಾಜೇ ತಕ್ಕಡಿ. ಇಷ್ಟೆಲ್ಲ ಬೇಡವೆಂದು ರಿಂಗನ್ನು ಒಂದು ಕಡೆ ಓರೆಯಾಗಿ ಕೊಯ್ದು ಗೋಳಕ್ಕೆ ಸುತ್ತಿ, ಕೊಯ್ದ ಬಾಯಿ ಮೇಲಕ್ಕೆ ಬರುವಂತೆ ಸಿಕ್ಕಿಸುವ ಅಡ್ಡದಾರಿ ಉಂಟು. ಒಳಗಿನ ಸೀಲ್ ಗಟ್ಟಿಯಾಗಿದ್ದರೆ ಆ ರಿಂಗ್ ಗ್ರೀಸ್ ಹಿಡಿಯಬಲ್ಲದು, ಹಳ್ಳ ದಾಟುವ ಗಾಡಿಗೆ ಮಾತ್ರ ಸಲ್ಲದು. ರಿಂಗ್ ಹಾಕುವ ಮೊದಲು ಗೋಳದ ತುಕ್ಕನ್ನು ಉಪ್ಪು ಕಾಗದದಿಂದ ನಯ ಮಾಡಬೇಕು, ಫೆಲ್ಟನ್ನು ಎಣ್ಣೆಯಲ್ಲಿ ನೆನೆಸಬೇಕು. ಫೆಲ್ಟ್, ರಬ್ಬರ್, ತಗಡು ಇವುಗಳ ಕ್ರಮವನ್ನು ಬಿಚ್ಚುವಾಗಲೇ ಮೊಬೈಲಿನಲ್ಲಿ ಫೋಟೊ ಹಿಡಿದಿಟ್ಟುಕೊಂಡರೆ ವಾದವಿರುವುದಿಲ್ಲ.

ಶಾಫ್ಟನ್ನು ಮರಳಿ ತೂರಿಸುವುದು ಕೆಲಸದಲ್ಲೇ ನಾಜೂಕಾದ ಗಳಿಗೆ. ಹಲ್ಲುಗಳಿರುವ ಅದರ ಒಳತುದಿ ಹೊಸ ಸೀಲಿನ ನಡುವೆಯೇ ಹಾದು ಹೋಗಬೇಕು. ಶಾಫ್ಟಿನ ಭಾರವನ್ನು ಕೈಯಲ್ಲಿ ಎತ್ತಿ ಹಿಡಿದು, ತುಟಿಗೆ ಮುಟ್ಟದಂತೆ ಒಳಗೆ ನಡೆಸಿ, ಡಿಫರೆನ್ಷಿಯಲ್ಲಿನ ಸೈಡ್ ಗೇರಿಗೆ ಹಲ್ಲು ಸೇರುವ ತನಕ ಸ್ವಲ್ಪ ಸ್ವಲ್ಪವೇ ತಿರುಗಿಸಬೇಕು. ಉದ್ದದ ಶಾಫ್ಟಿನಲ್ಲಿ ಒಬ್ಬರ ಕೈ ಸೋಲುತ್ತದೆ. ಇಲ್ಲಿ ತುಟಿಯ ಮೇಲೆ ಶಾಫ್ಟನ್ನು ಎಳೆದಾಡಿದರೆ ಹೊಸ ಸೀಲ್ ಗಾಡಿ ಕದಲುವ ಮುಂಚೆಯೇ ಹರಿದಿರುತ್ತದೆ, ನಾಲ್ಕು ದಿನದಲ್ಲಿ ಮತ್ತೆ ಸೋರಿದಾಗ ಬೈಗುಳ ಸೀಲಿನ ಕಂಪನಿಗೆ. ತುಟಿಗೆ ತೆಳುವಾಗಿ ಗ್ರೀಸ್ ಸವರಿರಬೇಕು.

ಜಾಯಿಂಟನ್ನು ಡೀಸೆಲಿನಲ್ಲಿ ತೊಳೆದು ಗುಂಡುಗಳ ಸಂದಿಗೆ ಮಾಲಿಬ್ಡಿನಂ ಇರುವ ಲಿಥಿಯಂ ಗ್ರೀಸನ್ನು ಅಂಗೈಯಿಂದ ಒತ್ತಿ ತುಂಬಬೇಕು. ನಕಲಿನ ಬಟ್ಟಲನ್ನು ಮೂರರಲ್ಲಿ ಎರಡು ಪಾಲು ತುಂಬಿದರೆ ಸಾಕು. ಗಂಟಲಮಟ್ಟ ತುಂಬಿದರೆ ಬಿಸಿಗೆ ಹಿಗ್ಗಿ ಹೊಸ ರಿಂಗನ್ನೇ ತಳ್ಳುತ್ತದೆ. ಹೌಸಿಂಗಿಗೆ 80ಡಬ್ಲ್ಯೂ-90 ಗೇರ್ ಆಯಿಲ್, ಜಿಪ್ಸಿಯ ಮುಂಭಾಗಕ್ಕೆ ಸುಮಾರು 2 ಲೀಟರ್. ಗಾಡಿ ಸಮನೆಲದಲ್ಲಿ ನಿಂತಿರುವಾಗ ಫಿಲ್ಲರ್ ಪ್ಲಗ್ಗಿನ ಅಂಚಿನಿಂದ ಹೊರಚೆಲ್ಲುವವರೆಗೆ ಹಾಕಿ ಮುಚ್ಚಬೇಕು.

ಬೇರೆ ವಿನ್ಯಾಸಗಳು

ಟೊಯೊಟಾ ಲ್ಯಾಂಡ್ ಕ್ರೂಸರ್ 70 ಸರಣಿಯ ಪಿಕಪ್, 1979ರಲ್ಲಿ ಬಂದ ಮೊದಲ ಫೋರ್ ವೀಲ್ ಹೈಲಕ್ಸ್ ಇವುಗಳಲ್ಲೂ ಗಟ್ಟಿ ಹೌಸಿಂಗ್, ಮುಚ್ಚಿದ ನಕಲ್. ಕೊಲ್ಲಿ ದೇಶಗಳಲ್ಲಿ ಇವುಗಳ ಮೇಲೆ ಕೈ ಪಳಗಿಸಿಕೊಂಡು ಊರಿಗೆ ಮರಳಿದ ಕರಾವಳಿಯ ಮೆಕ್ಯಾನಿಕ್ಕಿಗೆ ಜಿಪ್ಸಿ ಅಪರಿಚಿತ ಅನಿಸುವುದಿಲ್ಲ. ಬ್ರಿಟನ್ನಿನ ಹಳೆಯ ಲ್ಯಾಂಡ್ ರೋವರಿನಲ್ಲಿ ಗೋಳದೊಳಗೆ ಗ್ರೀಸಿನ ಬದಲು ಗೇರ್ ಆಯಿಲನ್ನೇ ತುಂಬುತ್ತಿದ್ದರು. ಅಲ್ಲಿ ಹೊರಗಿನ ಸೀಲ್ ನಿಜಕ್ಕೂ ಎಣ್ಣೆ ಹಿಡಿಯಬೇಕಿತ್ತು. ಗೋಳದ ಕ್ರೋಮ್ ಏಳುತ್ತಲೇ ಸೋರಿಕೆ ಶುರು.

ಅಮೆರಿಕದ ಜೀಪು, ಫೋರ್ಡ್ ಪಿಕಪ್‌ಗಳ ಡಾನಾ ಆಕ್ಸಲ್ಲಿನಲ್ಲಿ ನಕಲ್ ತೆರೆದಿದೆ, ಜಾಯಿಂಟ್ ಹೊರಗೇ ಕಾಣುತ್ತದೆ. ಅವುಗಳ ಕೆಲವು ಮಾದರಿಗಳಲ್ಲಿ ಸೀಲ್ ಇರುವುದು ಕೊಳವೆಯ ತುದಿಯಲ್ಲಲ್ಲ, ಡಿಫರೆನ್ಷಿಯಲ್ ಪಕ್ಕದಲ್ಲಿ. ಎಣ್ಣೆ ಕೊಳವೆಯುದ್ದಕ್ಕೂ ಹರಿದು ಚಕ್ರದ ಬಳಿ ಬೀಳುತ್ತದೆ, ರಿಪೇರಿಗೆ ಕ್ರೌನ್ ಸಮೇತ ಡಿಫರೆನ್ಷಿಯಲ್ಲನ್ನೇ ಹೊರತೆಗೆಯಬೇಕು. ನಮ್ಮ 2010ರ ಥಾರ್, ಗೆಟ್‌ಅವೇ, ಕ್ಸೆನಾನ್, ವಿ-ಕ್ರಾಸ್‌ಗಳಲ್ಲಿ ಮುಂದಿನ ಚಕ್ರಗಳು ಪ್ರತ್ಯೇಕವಾಗಿ ಕುಣಿಯುತ್ತವೆ. ಅಲ್ಲಿ ಡಿಫರೆನ್ಷಿಯಲ್ಲಿನ ಎರಡು ಬದಿಗೆ ಸೀಲ್, ಶಾಫ್ಟಿನ ಜಾಯಿಂಟಿಗೆ ರಬ್ಬರ್ ಬೂಟ್. ಬೂಟ್ ಹರಿದು ಗ್ರೀಸ್ ಎರಚಿದ್ದನ್ನು ಆಯಿಲ್ ಸೀಲ್ ಸೋರಿಕೆ ಎಂದು ತಪ್ಪಾಗಿ ತಿಳಿಯುವುದು ಸಾಮಾನ್ಯ.

ಸಾಮಾನು ಮತ್ತು ಹಳೆಯ ಎಣ್ಣೆ

ಬೆಂಗಳೂರಿನಲ್ಲಿ ಹಳೆಯ ಗಾಡಿಗಳ ಬಿಡಿಭಾಗಕ್ಕೆ ಜೆ.ಸಿ. ರಸ್ತೆಯೇ ಆಸರೆ. ಜಿಪ್ಸಿ, ಜೀಪುಗಳ ಸೀಲ್ ಕಿಟ್ ಇನ್ನೂ ಸಿಗುತ್ತದೆ. ಕಂಪನಿಯ ಮಾಲು, ಹೆಸರಾಂತ ಸೀಲ್ ತಯಾರಕರದು, ಹೆಸರಿಲ್ಲದ್ದು ಎಂದು ಮೂರು ದರ್ಜೆ. ಹೆಸರಿಲ್ಲದ್ದರಲ್ಲಿ ಮೊದಲು ಕೈಕೊಡುವುದು ಸ್ಪ್ರಿಂಗ್. ಕೊಳ್ಳುವಾಗ ತುಟಿಯನ್ನು ಬೆರಳಿನಿಂದ ಹೊರಳಿಸಿ ನೋಡಬೇಕು. ಬಹಳ ಕಾಲ ಕಪಾಟಿನಲ್ಲಿ ಕೂತ ರಬ್ಬರ್ ಬಿಳಿಚಿಕೊಂಡು ಗಡಸಾಗಿರುತ್ತದೆ.

ಇಳಿಸಿದ ಎಣ್ಣೆ, ಗ್ರೀಸು ಕಲೆತ ಡೀಸೆಲ್ ಇವು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುತ್ತವೆ. ಬಳಸಿದ ಎಣ್ಣೆಯನ್ನು ಪರವಾನಗಿ ಪಡೆದ ಸಂಸ್ಕರಣಕಾರರಿಗೇ ಕೊಡಬೇಕು. ಪೀಣ್ಯ, ರಾಜಾಜಿನಗರದ ಕಡೆಯ ಚರಂಡಿಗಳು ಕೊನೆಗೆ ಸೇರುವುದು ವೃಷಭಾವತಿಯನ್ನು. ಆ ನದಿಯ ಈಗಿನ ಬಣ್ಣದಲ್ಲಿ ಕಾರ್ಖಾನೆಗಳ ಜೊತೆಗೆ ಗ್ಯಾರೇಜುಗಳ ಪಾಲೂ ಇದೆ ಎನ್ನುವುದನ್ನು ಅಲ್ಲಗಳೆಯುವಂತಿಲ್ಲ.

ಕೆಲಸ ಮುಗಿದ ಮೇಲೆ ಗಾಡಿಯನ್ನು ಮನೆಗೆ ಒಯ್ಯುವ ಮುನ್ನ ಸ್ಟೀರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ ಗೋಳದ ಮೇಲೆ ರಿಂಗ್ ಸಮವಾಗಿ ಸರಿಯುತ್ತಿದೆಯೇ, ಬ್ರೇಕ್ ಹೋಸ್ ಎಲ್ಲಾದರೂ ಎಳೆಯುತ್ತಿದೆಯೇ ನೋಡಬೇಕು. ಸುಮಾರು 500 ಕಿಲೊಮೀಟರ್ ಓಡಿದ ಬಳಿಕ ಹಬ್ ಬೇರಿಂಗಿನ ಆಟ, ಕಿಂಗ್ ಪಿನ್ ಬೋಲ್ಟುಗಳ ಬಿಗಿ, ಹೌಸಿಂಗಿನ ಎಣ್ಣೆಯ ಮಟ್ಟ ಮೂರನ್ನೂ ಮತ್ತೊಮ್ಮೆ ಪರೀಕ್ಷಿಸಬೇಕು. ಮಟ್ಟ ಇಳಿದಿದ್ದು ಹೊರಗೆ ಏನೂ ಕಾಣದಿದ್ದರೆ ಎಣ್ಣೆ ನಕಲಿನೊಳಗೆ ಶೇಖರವಾಗುತ್ತಿದೆ. ಪ್ಲಗ್ ಬಿಚ್ಚಿ ತಂತಿ ಇಳಿಸಿ ನೋಡುವುದು ಅಂಥ ಹೊತ್ತಿನಲ್ಲಿ.